ಲಾರಿ ಬಿಚ್ಚುವ ಕಾಲೇಜು: ನಿಮ್ಮ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಹೋದ ಸಂಚಿಕೆಯಲ್ಲಿ ನಾನು ಅಮೆರಿಕದ ಕಮ್ಯೂನಿಟಿ ಕಾಲೇಜಿನಲ್ಲಿ (ಹೈಸ್ಕೂಲ್ ಮುಗಿಸಿದವರಿಗೆ ಒಂದೆರಡು ವರ್ಷದ ಕೋರ್ಸು ಕಲಿಸುವ ಸ್ಥಳೀಯ ಕಾಲೇಜು) ಡೀಸೆಲ್ ಕೆಲಸ ಕಲಿತದ್ದನ್ನು ಮಾತಿನ ನಡುವೆ ಹೇಳಿಬಿಟ್ಟಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಇಂಡಿಯಾನಾದ ಕೊಲಂಬಸ್‌ನಲ್ಲಿದ್ದೇವೆ. ಯಜಮಾನರು ಎಂಜಿನ್ ಕಂಪನಿಯೊಂದರಲ್ಲಿ ಎಂಜಿನಿಯರ್. ಮಗ ಇಲ್ಲೇ ಹುಟ್ಟಿದವನು, ಈ ವರ್ಷ ಹೈಸ್ಕೂಲ್ ಮುಗಿಸಿದ. ನಾಲ್ಕು ವರ್ಷದ ಡಿಗ್ರಿ ಬೇಡ, ಕಮ್ಯೂನಿಟಿ ಕಾಲೇಜಿನಲ್ಲಿ ಟ್ರಕ್ ಮೆಕ್ಯಾನಿಕ್ ಕೋರ್ಸ್ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಊರಲ್ಲಿ ಅತ್ತೆ ಮಾವನಿಗೆ ಏನು ಹೇಳೋದು ಅಂತಲೇ ಗೊತ್ತಾಗ್ತಿಲ್ಲ. ಅಲ್ಲಿ ನಿಜಕ್ಕೂ ಏನು ಕಲಿಸ್ತಾರೆ? ಬದುಕು ನಡೆಯುತ್ತಾ?

ಉತ್ತರ: ಅಕ್ಕಾ, ಅಪ್ಪ ಕಂಪ್ಯೂಟರಿನಲ್ಲಿ ಎಂಜಿನ್ ಕಟ್ಟುತ್ತಾರೆ, ಮಗ ಅದನ್ನು ಬಿಚ್ಚುತ್ತೇನೆ ಅಂತಾನೆ. ಒಂದೇ ಮನೆಯ ಕಸುಬು ಅಲ್ವಾ? ಅತ್ತೆ ಮಾವನಿಗೆ "ಎಂಜಿನ್ ಓದ್ತಿದ್ದಾನೆ" ಅಂದುಬಿಡಿ. ಸುಳ್ಳೇನಲ್ಲ.

ಮೊದಲು ದುಡ್ಡಿನ ವಿಷಯ. ಸರ್ಕಾರಿ ಕಮ್ಯೂನಿಟಿ ಕಾಲೇಜಿನಲ್ಲಿ ಸ್ಥಳೀಯ ವಿದ್ಯಾರ್ಥಿಗೆ ವರ್ಷದ ಫೀಸು ಸರಾಸರಿ ಸುಮಾರು 4,000 ಡಾಲರ್. ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಅಲ್ಲಿ ಪಾಠ ಅಳೆಯುವ ಲೆಕ್ಕ) 46 ಡಾಲರ್, ಅಂದರೆ 60 ಯೂನಿಟ್‌ನ ಇಡೀ ಡಿಗ್ರಿಗೆ ಮೂರು ಸಾವಿರ ಡಾಲರೂ ಆಗುವುದಿಲ್ಲ. ಇದೇ ಕೆಲಸ ಕಲಿಸುವ ಖಾಸಗಿ ಶಾಲೆಗಳು ಟಿವಿಯಲ್ಲಿ ಜಾಹೀರಾತು ಹಾಕಿ ಇದರ ಎಷ್ಟೋ ಪಟ್ಟು ಕೇಳುತ್ತವೆ. ಕಲಿಸುವ ನಟ್ಟು ಬೋಲ್ಟು ಅದೇ. ಮಗ ಅಲ್ಲೇ ಹುಟ್ಟಿದವನಾದ್ದರಿಂದ ಫಾಫ್ಸಾ, ಅಂದರೆ ಸರ್ಕಾರಿ ಧನಸಹಾಯದ ಅರ್ಜಿ, ಹಾಕಬಹುದು. ಆದರೆ ಪೆಲ್ ಗ್ರಾಂಟ್ ಅನ್ನುವ, ತೀರಿಸಬೇಕಿಲ್ಲದ ಸಹಾಯಧನ ಸಿಗುವುದು ಮನೆಯ ಆದಾಯ ನೋಡಿ. ನಿಮ್ಮ ಯಜಮಾನರ ಸಂಬಳಕ್ಕೆ ಬಹುಶಃ ಸಿಗಲಿಕ್ಕಿಲ್ಲ. ಇಂಡಿಯಾನಾದಲ್ಲಿ ಐವಿ ಟೆಕ್ ಅನ್ನುವ ಕಮ್ಯೂನಿಟಿ ಕಾಲೇಜು ರಾಜ್ಯದ ಉದ್ದಗಲಕ್ಕೂ ಇದೆ, ಆದರೆ ಡೀಸೆಲ್ ಎಲ್ಲ ಕ್ಯಾಂಪಸ್‌ನಲ್ಲೂ ಇಲ್ಲ. ಯಾವ ಊರಲ್ಲಿದೆ ಅಂತ ಮೊದಲು ಕೇಳಿಕೊಳ್ಳಿ.

ಇಲ್ಲಿ ಒಂದು ಮಾತು, ನಿಮಗಲ್ಲ, ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಹೆಂಡತಿ, ಗಂಡ, ಮಕ್ಕಳಿಗೆ ಕೊಡುವುದು) ಮಕ್ಕಳಿರುವ ಮನೆಯವರಿಗೆ. ಆ ಮಕ್ಕಳು ಕಾಲೇಜು ಸೇರಬಹುದು, ಆದರೆ ಕೆಲಸ ಮಾಡುವಂತಿಲ್ಲ, 21 ತುಂಬಿದರೆ ಎಚ್-4 ಕೂಡ ಹೋಗುತ್ತದೆ. ಈ ಕೋರ್ಸಿನ ಅರ್ಧ ಜೀವ ಇರುವುದೇ ಓದುವಾಗ ಸಂಜೆ ಹೊತ್ತು ಯಾವುದಾದರೂ ಶಾಪ್‌ನಲ್ಲಿ, ಅಂದರೆ ರಿಪೇರಿ ಗ್ಯಾರೇಜಿನಲ್ಲಿ, ದುಡಿಯುವುದರಲ್ಲಿ. ಅವರು ಸೇರುವ ಮುಂಚೆ ವಲಸೆ ವಕೀಲರನ್ನು ಕೇಳಲೇಬೇಕು.

ಕೋರ್ಸ್ ಎರಡು ತರಹ ಇರುತ್ತದೆ. ಒಂದು ವರ್ಷದ ಸರ್ಟಿಫಿಕೇಟ್, ಅಥವಾ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಎರಡನೆಯದರಲ್ಲಿ ಇಂಗ್ಲಿಷ್, ಗಣಿತ ಎಲ್ಲ ಇರುತ್ತದೆ, ಹುಡುಗರು ಗೊಣಗುತ್ತಾರೆ. ಉಳಿದದ್ದು ಎಂಜಿನ್, ಏರ್ ಬ್ರೇಕ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್, ಸ್ಟೀರಿಂಗ್, ಸಸ್ಪೆನ್ಷನ್, ಎಸಿ, ಹೈಡ್ರಾಲಿಕ್ಸ್. ಮತ್ತು ಎಲೆಕ್ಟ್ರಿಕಲ್. ಇದನ್ನು ಕೊನೆಗೆ ಬರೆದದ್ದು ಯಾಕೆ ಅಂದರೆ ಹುಡುಗರೂ ಇದನ್ನು ಕೊನೆಗೇ ತೆಗೆದುಕೊಳ್ಳುತ್ತಾರೆ. ನಿಮ್ಮ ಮಗನಿಗೆ ಮೊದಲು ತೆಗೆದುಕೊಳ್ಳಲು ಹೇಳಿ.

ಯಾಕೆ ಅಂತ ಹೇಳ್ತೀನಿ. ಊರಲ್ಲಿ ಲಾರಿ ಗ್ಯಾರೇಜಿನಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡು ಬಂದವನು ನಾನು. ನನಗೆ ಎಲ್ಲ ಗೊತ್ತು ಅನ್ನುವ ಜಂಬ ಇತ್ತು. ಮೊದಲನೇ ಸೆಮಿಸ್ಟರಿನಲ್ಲಿ ಒಂದು ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಊರಲ್ಲಿ ಏನು ಮಾಡ್ತೀವಿ? ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ನೋಡ್ತೀವಿ, ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಅಂತ. ನಾನು ಸ್ಪ್ಯಾನರ್ ಎತ್ತಿಕೊಂಡು ಹೋದೆ. ಮೇಷ್ಟ್ರು ಆ ಕಡೆಯಿಂದ ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಅದು ಕಾಮನ್ ರೈಲ್ ಎಂಜಿನ್, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವಂಥದ್ದು, ಆ ಪೈಪಿನೊಳಗಿನ ಒತ್ತಡ 2,000 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಎರಡು ಸಾವಿರ ಪಟ್ಟು) ಮುಟ್ಟುತ್ತದೆ. ಸೂಜಿಮೊನೆಯಷ್ಟು ಡೀಸೆಲ್ ಹೊರಗೆ ಹಾರಿದರೂ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗಿಂದ ಸಣ್ಣ ಚುಕ್ಕಿ ಕಾಣುತ್ತದೆ ಅಷ್ಟೇ, ಒಳಗೆ ಮಾಂಸ ಸಾಯುತ್ತದೆ, ಕೂಡಲೇ ಆಪರೇಷನ್ ಮಾಡದಿದ್ದರೆ ಬೆರಳೇ ಹೋಗಬಹುದು. ಈಗಿನ ಎಂಜಿನ್‌ನಲ್ಲಿ ಅದೇ ಪರೀಕ್ಷೆಯನ್ನು ಲ್ಯಾಪ್‌ಟಾಪ್ ಜೋಡಿಸಿ ಮಾಡುತ್ತಾರೆ. ಒಂದೊಂದೇ ಸಿಲಿಂಡರ್ ಅನ್ನು ಕಂಪ್ಯೂಟರಿನಿಂದಲೇ ನಿಲ್ಲಿಸಿ ನೋಡುವುದು. ತತ್ವ ನಮ್ಮ ಗ್ಯಾರೇಜಿನದೇ, ಕೈ ಮಾತ್ರ ಉಳಿಯುತ್ತದೆ.

ಇನ್ನೊಂದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟ್ರಕ್ ಸ್ಟಾರ್ಟ್ ಆಗ್ತಿರಲಿಲ್ಲ. ಸ್ಟಾರ್ಟರ್ ಹೊಸದು ಹಾಕಿದರು, ಆಗಲಿಲ್ಲ. ಬ್ಯಾಟರಿ ನಾಲ್ಕೂ ಹೊಸದು ಹಾಕಿದರು, ಆಗಲಿಲ್ಲ. ಕೊನೆಗೆ ಮೀಟರ್ ಹಿಡಿದು, ಸೆಲ್ಫ್ ಹೊಡೆಯುವಾಗ ಅರ್ತಿಂಗ್ ಕೇಬಲ್ಲಿನ ಆ ತುದಿಯಿಂದ ಈ ತುದಿಗೆ ಎಷ್ಟು ವೋಲ್ಟ್ ಬೀಳುತ್ತಿದೆ ಅಂತ ಅಳೆದರೆ, ಅರ್ಧ ವೋಲ್ಟ್ ಒಳಗಿರಬೇಕಾದದ್ದು ಮೂರು ದಾಟಿತ್ತು. ಅಲ್ಲಿ ಚಳಿಗಾಲದಲ್ಲಿ ಮಂಜು ಕರಗಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರೆ, ಅದು ವೈರಿನೊಳಗೆ ಇಳಿದು ತಾಮ್ರವನ್ನು ಹಸಿರು ಪುಡಿ ಮಾಡಿಬಿಡುತ್ತದೆ. ಹೊರಗಿನ ರಬ್ಬರ್ ನೋಡಿದರೆ ಹೊಸದರ ಹಾಗಿರುತ್ತದೆ. ಒಂದು ಕೇಬಲ್ಲಿನಲ್ಲಿ ಮುಗಿಯಬೇಕಿದ್ದ ಖರ್ಚಿಗೆ ಸ್ಟಾರ್ಟರ್, ಬ್ಯಾಟರಿ ಎಲ್ಲದರ ದುಡ್ಡು ದಂಡವಾಗಿತ್ತು. ಅಳೆಯದೆ ಪಾರ್ಟ್ಸ್ ಬದಲಿಸುವ ಮೆಕ್ಯಾನಿಕ್‌ಗಳು ಎಲ್ಲ ದೇಶದಲ್ಲೂ ಇದ್ದಾರೆ. ಒಳ್ಳೆಯ ಕಾಲೇಜು ಈ ಚಟ ಬಿಡಿಸುತ್ತದೆ.

ಒಳ್ಳೆಯದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ವೆಬ್‌ಸೈಟ್ ನೋಡಬೇಡಿ, ಶಾಪ್ ನೋಡಿ. ಮಗನ ಜೊತೆ ಒಂದು ದಿನ ಹೋಗಿ ಬನ್ನಿ. 2010ರ ನಂತರದ ಎಂಜಿನ್‌ಗಳು ಇವೆಯಾ ಅಂತ ಕೇಳಿ. ಅಮೆರಿಕದಲ್ಲಿ 2007ರ ನಿಯಮದಿಂದ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಬಂತು, 2010ರ ನಿಯಮದಿಂದ ಯೂರಿಯಾ ದ್ರವ ಚಿಮುಕಿಸುವ ಎಸ್‌ಸಿಆರ್ ಬಂತು, ಈಗ ಶಾಪ್‌ಗೆ ಬರುವ ತಲೆನೋವುಗಳಲ್ಲಿ ದೊಡ್ಡ ಪಾಲು ಇವೆರಡರದೇ. ಬರೀ ಹಳೆಯ ಎಂಜಿನ್ ಸ್ಟ್ಯಾಂಡಿನ ಮೇಲಿಟ್ಟು ಬಣ್ಣ ಬಳಿದಿದ್ದರೆ ಅದು ಮ್ಯೂಸಿಯಂ. ಒಂದು ಲ್ಯಾಪ್‌ಟಾಪಿಗೆ ಎಷ್ಟು ಹುಡುಗರು ಅಂತಲೂ ಕೇಳಿ. ಎಎಸ್‌ಇ ಮಾನ್ಯತೆ ಇದೆಯಾ, ಹೋದ ವರ್ಷ ಮುಗಿಸಿದವರು ಈಗ ಯಾವ ಶಾಪ್‌ನಲ್ಲಿದ್ದಾರೆ ಅಂತ ಮೇಷ್ಟ್ರನ್ನೇ ಕೇಳಿ. ಆಫೀಸಿನವರನ್ನಲ್ಲ.

ಎಎಸ್‌ಇ ಅಂದರೆ ಅಲ್ಲಿ ಮೆಕ್ಯಾನಿಕ್‌ಗಳ ಪರೀಕ್ಷೆ ನಡೆಸುವ ಸಂಸ್ಥೆ, 1972ರಲ್ಲಿ ಶುರುವಾದದ್ದು. ಟ್ರಕ್ಕಿಗೆ ಟಿ-1ರಿಂದ ಟಿ-8ರವರೆಗೆ ಪರೀಕ್ಷೆಗಳಿವೆ, ಟಿ-2 ಡೀಸೆಲ್ ಎಂಜಿನ್, ಟಿ-4 ಬ್ರೇಕ್, ಟಿ-6 ಎಲೆಕ್ಟ್ರಿಕಲ್. ಪಾಸಾದರೂ ಸರ್ಟಿಫಿಕೇಟ್ ಕೈಗೆ ಬರಲು ಎರಡು ವರ್ಷದ ಅನುಭವ ಬೇಕು, ಓದಿದ್ದಕ್ಕೆ ಅದರಲ್ಲಿ ಒಂದು ವರ್ಷದವರೆಗೆ ವಿನಾಯಿತಿ ಸಿಗಬಹುದು. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಸಂಬಳ: 2024ರಲ್ಲಿ ಡೀಸೆಲ್ ಮೆಕ್ಯಾನಿಕ್‌ಗಳ ನಡುಮಟ್ಟದ ವರ್ಷದ ಸಂಬಳ ಸುಮಾರು 60,000 ಡಾಲರ್ ಅಂತ ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕ. ಬದುಕು ನಡೆಯುತ್ತದೆ. ಸಾಫ್ಟ್‌ವೇರಿನವರ ಮನೆಯ ಪಕ್ಕ ಮನೆ ಬರುವುದಿಲ್ಲ. ಮೊದಲೆರಡು ವರ್ಷ ರಾತ್ರಿ ಪಾಳಿಯೇ ಸಿಗುವುದು ಹೆಚ್ಚು, ಯಾಕಂದರೆ ಟ್ರಕ್ ಹಗಲು ಓಡಬೇಕು. ಮಂಡಿ, ಬೆನ್ನು, ಕಿವಿ ಮೂರನ್ನೂ ಮೊದಲ ದಿನದಿಂದಲೇ ಕಾಪಾಡಿಕೊಳ್ಳಬೇಕು. ನಾನು ಕಿವಿಯ ವಿಷಯದಲ್ಲಿ ಉದಾಸೀನ ಮಾಡಿದೆ, ಈಗ ಹೆಂಡತಿ ಎರಡು ಸಲ ಕರೆಯಬೇಕು. (ಒಂದೊಂದು ಸಲ ಅದು ಕಿವಿಯ ತಪ್ಪಲ್ಲ.)

ಪ್ರಶ್ನೆ: ಅಣ್ಣಾ, ನಾನು ಹಾವೇರಿ ಜಿಲ್ಲೆಯವನು. ಐಟಿಐನಲ್ಲಿ ಮೆಕ್ಯಾನಿಕ್ ಡೀಸೆಲ್ ಮುಗಿಸಿ ಎರಡು ವರ್ಷ ಲಾರಿ ಡೀಲರ್ ವರ್ಕ್‌ಶಾಪಿನಲ್ಲಿದ್ದೇನೆ. ಒಬ್ಬ ಏಜೆಂಟ್, ಅಮೆರಿಕದ ಕಮ್ಯೂನಿಟಿ ಕಾಲೇಜಿಗೆ ಸೇರಿಸ್ತೀನಿ, ಮುಗಿದ ಮೇಲೆ ಅಲ್ಲೇ ಕೆಲಸ, ಗ್ರೀನ್ ಕಾರ್ಡ್ ಎಲ್ಲ ಆಗುತ್ತೆ ಅಂತಾನೆ. ಜಮೀನು ಅಡ ಇಡೋಣ ಅಂತಿದ್ದೀವಿ.

ಉತ್ತರ: ತಮ್ಮಾ, ಜಮೀನು ಮುಟ್ಟಬೇಡ.

ಕಾಲೇಜಿಗೆ ಸೇರುವುದು ಸುಳ್ಳಲ್ಲ, ಸೇರಬಹುದು. ಮುಂದಿನದು ಸುಳ್ಳು. ಕೈಕೆಲಸದ ಕೋರ್ಸಿಗೆ ಸಾಮಾನ್ಯವಾಗಿ ಕೊಡುವುದು ಎಂ-1 ವೀಸಾ. ಅದರಲ್ಲಿ ಓದುವಾಗ ಕೆಲಸ ಮಾಡುವಂತಿಲ್ಲ. ಮುಗಿದ ಮೇಲೆ, ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಿನ ಲೆಕ್ಕದಲ್ಲಿ, ಹೆಚ್ಚೆಂದರೆ ಆರು ತಿಂಗಳು ತರಬೇತಿ ಕೆಲಸ. ಕೆಲವು ಕಾಲೇಜುಗಳ ಡಿಗ್ರಿಗೆ ಎಫ್-1 ವಿದ್ಯಾರ್ಥಿ ವೀಸಾ ಸಿಗುತ್ತದೆ, ಆಗ ಆ ತರಬೇತಿ ಕೆಲಸ ಒಂದು ವರ್ಷ. ಆಮೇಲೆ? ಎಚ್-1ಬಿ ವೀಸಾ ಇರುವುದು ನಾಲ್ಕು ವರ್ಷದ ಡಿಗ್ರಿ ಬೇಡುವ ಕೆಲಸಗಳಿಗೆ, ಮೆಕ್ಯಾನಿಕ್ ಕೆಲಸ ಅದರಲ್ಲಿ ಬರುವುದಿಲ್ಲ. ನುರಿತ ಕೆಲಸಗಾರರ ಗ್ರೀನ್ ಕಾರ್ಡ್ ದಾರಿ ಒಂದಿದೆ, ಆದರೆ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕಿಂತ ಉದ್ದ. ಹೊರದೇಶದವರಿಗೆ ಫೀಸೂ ಸ್ಥಳೀಯರ ಹಲವು ಪಟ್ಟು. ಹಾಗಾದರೆ ನೀನು ಹೇಗೆ ಹೋದೆ ಅಂತ ಕೇಳ್ತೀಯ. ನನ್ನ ಹೆಂಡತಿ ನರ್ಸ್. ಅವಳ ಗ್ರೀನ್ ಕಾರ್ಡಿನ ಬಾಲ ಹಿಡಿದು ಹೋದವನು ನಾನು, ಸ್ಪ್ಯಾನರ್ ಹಿಡಿದು ಅಲ್ಲ.

ಇನ್ನು ನೀನು ಕೂತಿರುವ ಜಾಗ ನೋಡು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಮಾರುವ ಲಾರಿಗಳೆಲ್ಲ ಬಿಎಸ್-6 ಹೊಗೆ ನಿಯಮದವು. ಅದೇ ಡಿಪಿಎಫ್, ಅದೇ ಎಸ್‌ಸಿಆರ್, ಅದೇ 32.5 ಪರ್ಸೆಂಟ್ ಯೂರಿಯಾ ದ್ರವ. ಅಮೆರಿಕದ ಕಾಲೇಜಿನಲ್ಲಿ ಹುಡುಗರು ದುಡ್ಡು ಕೊಟ್ಟು ನೋಡುವ ಎಂಜಿನ್ ನಿನ್ನ ವರ್ಕ್‌ಶಾಪಿಗೆ ತಾನಾಗಿ ಬರ್ತಿದೆ. ನಿನ್ನ ಮೇಸ್ತ್ರಿ ಲ್ಯಾಪ್‌ಟಾಪ್ ಮುಟ್ಟಲು ಹೆದರುತ್ತಿದ್ದರೆ ನೀನು ಮುಟ್ಟು. ಡೀಲರ್ ವರ್ಕ್‌ಶಾಪಾದ್ದರಿಂದ ಕಂಪನಿ ಟ್ರೈನಿಂಗ್‌ಗೆ ಕಳಿಸಿ ಅಂತ ಮ್ಯಾನೇಜರ್ ತಲೆ ತಿನ್ನು. ಒಂದು ಮಲ್ಟಿಮೀಟರ್ ಸ್ವಂತಕ್ಕೆ ಇಟ್ಟುಕೋ, ವೈರಿಂಗ್ ನಕ್ಷೆ ಓದುವುದು ಕಲಿ. ಏಜೆಂಟನಿಗೆ ಕೊಡುವ ದುಡ್ಡಿನ ನೂರನೇ ಒಂದು ಭಾಗವೂ ಬೇಡ ಇದಕ್ಕೆ.

ಪ್ರಶ್ನೆ: ನಾನು ಕೆನಡಾದ ಬ್ರಾಂಪ್ಟನ್‌ನಲ್ಲಿ ಟ್ರಕ್ ಓಡಿಸುತ್ತೇನೆ, ಪಿಆರ್ (ಕಾಯಂ ವಾಸದ ಅನುಮತಿ) ಇದೆ. ಇಲ್ಲಿಯೂ ಹೀಗೇ ಕಾಲೇಜಿಗೆ ಹೋಗಿ ಮೆಕ್ಯಾನಿಕ್ ಆಗಬಹುದಾ?

ಉತ್ತರ: ನಿಮ್ಮಲ್ಲಿ ಕ್ರಮ ಬೇರೆ. ಅಮೆರಿಕದಲ್ಲಿ ಎಎಸ್‌ಇ ಕಡ್ಡಾಯವಲ್ಲ. ನಿಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಟ್ರಕ್ ಮೆಕ್ಯಾನಿಕ್ ಕೆಲಸಕ್ಕೆ 310ಟಿ ಅನ್ನುವ ಸಂಕೇತ, ಅದು ಕಡ್ಡಾಯ ಲೈಸೆನ್ಸಿನ ಕಸುಬು. ಮೊದಲು ನಿಮ್ಮನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ಶಾಪ್ ಹುಡುಕಬೇಕು. ವರ್ಷಗಟ್ಟಲೆ ಅಲ್ಲಿ ದುಡಿಯುತ್ತಾ, ನಡುನಡುವೆ ಕಾಲೇಜಿಗೆ ಹೋಗಿ ಬರಬೇಕು. ಕೊನೆಗೆ ಪರೀಕ್ಷೆ. ರೆಡ್ ಸೀಲ್ ಅನ್ನುವ ಮಾನ್ಯತೆಯ ಮೊಹರು ಸಿಕ್ಕಿದರೆ ಬೇರೆ ಪ್ರಾಂತ್ಯಗಳಲ್ಲೂ ನಡೆಯುತ್ತದೆ. ನೀವು ಟ್ರಕ್ ಓಡಿಸುವವರು, ನಿಮ್ಮ ಗಾಡಿ ಸರ್ವಿಸ್ ಆಗುವ ಶಾಪ್‌ನಲ್ಲೇ ಮೊದಲು ಕೇಳಿ. ರಿಪೇರಿ ಮಾಡಿದ ಗಾಡಿಯನ್ನು ತಾನೇ ಓಡಿಸಿ ನೋಡಬಲ್ಲ ಅಪ್ರೆಂಟಿಸ್ ಸಿಕ್ಕಿದರೆ ಯಾರೂ ಬಿಡುವುದಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಟ್ರಕ್ ಬಂದ ಮೇಲೆ ಡೀಸೆಲ್ ಕಲಿತು ಏನು ಪ್ರಯೋಜನ? ಮತ್ತೆ, ಟೂಲ್ಸ್ ಎಲ್ಲ ನಾವೇ ಕೊಳ್ಳಬೇಕಂತೆ, ನಿಜವಾ?

ಉತ್ತರ: ಎಲೆಕ್ಟ್ರಿಕ್ ಟ್ರಕ್ಕಿಗೂ ಏರ್ ಬ್ರೇಕ್ ಇದೆ, ಸ್ಟೀರಿಂಗ್ ಇದೆ, ಆಕ್ಸಲ್ ಇದೆ, ಟೈರ್ ಇದೆ. ಎಂಜಿನ್ ಒಂದೇ ಇಲ್ಲ. ಎಲೆಕ್ಟ್ರಿಕಲ್ ಗಟ್ಟಿ ಇದ್ದವನು ಹೈ ವೋಲ್ಟೇಜ್ ತರಬೇತಿ ಒಂದು ಮಾಡಿಕೊಂಡರೆ ಆ ಕಡೆಗೂ ಹೋಗಬಹುದು. ಮೇಲೆ ಆ ತಾಯಿಗೆ ಹೇಳಿದ್ದೂ ಅದನ್ನೇ.

ಟೂಲ್ಸ್ ವಿಷಯ ನಿಜ. ಸ್ಕ್ಯಾನ್ ಮಾಡುವ ಲ್ಯಾಪ್‌ಟಾಪ್, ದೊಡ್ಡ ಜಾಕಿ, ಪ್ರೆಸ್ ಇವು ಶಾಪಿನವು. ಕೈಯಲ್ಲಿ ಹಿಡಿಯುವುದೆಲ್ಲ ನಿಮ್ಮದು, ಅದೂ ಇಂಚು ಮತ್ತು ಮಿಲಿಮೀಟರ್ ಎರಡರಲ್ಲೂ. ವಿದ್ಯಾರ್ಥಿಯಾಗಿರುವಾಗಲೇ ಕೊಳ್ಳಿ, ಸ್ನ್ಯಾಪ್-ಆನ್ ತರಹದ ಕಂಪನಿಗಳು ಆಗ ದೊಡ್ಡ ರಿಯಾಯಿತಿ ಕೊಡುತ್ತವೆ, ಕಾಲೇಜು ಮುಗಿದ ಮೇಲೆ ಅದಿಲ್ಲ. ಸಾಕೆಟ್, ಟಾರ್ಕ್ ರೆಂಚ್, ಮೀಟರ್ ಒಳ್ಳೆಯದನ್ನು ತೆಗೆದುಕೊಳ್ಳಿ. ಸುತ್ತಿಗೆ ಎಲ್ಲಿಯದಾದರೂ ಆದೀತು. ಆದರೆ ವಾರಕ್ಕೊಮ್ಮೆ ಶಾಪ್ ಬಾಗಿಲಿಗೇ ಒಂದು ಟೂಲ್ ಗಾಡಿ ಬರುತ್ತದೆ, ನಮ್ಮೂರ ಬಳೆಗಾರನ ಹಾಗೆ, ಒಳಗೆಲ್ಲ ಫಳಫಳ. ವಾರಕ್ಕೆ ಇಷ್ಟೇ ಕೊಡು ಸಾಕು ಅಂತ ನಗುನಗುತ್ತಾ ಆಳೆತ್ತರದ ಟೂಲ್ ಬಾಕ್ಸ್ ತೋರಿಸ್ತಾನೆ. ಮೊದಲ ವರ್ಷ ಆ ಗಾಡಿಯ ಮೆಟ್ಟಿಲು ಹತ್ತಬೇಡಿ. ನಾನು ಕೆಲಸಕ್ಕೆ ಸೇರಿದ ಎರಡನೇ ವಾರವೇ ಹತ್ತಿದೆ, ಕಂತು ಮುಗಿದದ್ದು ನಾಲ್ಕನೇ ವರ್ಷ. ಬಾಕ್ಸ್ ಚೆನ್ನಾಗಿದೆ, ಅದು ಬೇರೆ ಮಾತು.