ಡಚ್ಚರು ಅಷ್ಟೊಂದು ಸೈಕಲ್ ತುಳಿಯೋದು ನೆಲ ಸಮತಟ್ಟಾಗಿದೆ ಅಂತಲೇ?

ಅದು ಅರ್ಧ ಉತ್ತರ ಅಷ್ಟೇ. ಅಲ್ಲಿನ ಎದುರುಗಾಳಿ ಯಾವ ಏರಿಗೂ ಕಡಿಮೆಯಿಲ್ಲ! 1960ರ ದಶಕದಲ್ಲಿ ನೆದರ್ಲೆಂಡ್ಸ್ ಕೂಡ ಕಾರಿನ ಹಿಂದೆ ಬಿದ್ದಿತ್ತು. 1971ರಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಜನ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಅಪ್ಪ-ಅಮ್ಮಂದಿರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು. ಕಾರುಗಳಿಂದ ಬೇರೆಯಾದ ಕೆಂಪು ಸೈಕಲ್ ದಾರಿಗಳು ಊರೂರಿಗೆ ಹಬ್ಬಿದ್ದು ಆಮೇಲೆಯೇ.

ಅವರಿಗೆ ಸೈಕಲ್ ಅಂದರೆ ವ್ಯಾಯಾಮವಲ್ಲ, ಕಾಲಿಗೆ ಚಪ್ಪಲಿ ಇದ್ದ ಹಾಗೆ. ಹೆಲ್ಮೆಟ್ ಅಪರೂಪ, ಆಫೀಸಿನ ಬಟ್ಟೆಯಲ್ಲೇ ಸವಾರಿ. ನೆಟ್ಟಗೆ ಕೂರುವ ಭಾರದ ಕಪ್ಪು ಗಾಡಿ; ಎಷ್ಟೋ ಸೈಕಲ್‌ಗಳಲ್ಲಿ ಕೈಬ್ರೇಕೇ ಇರಲ್ಲ, ಪೆಡಲ್ ಹಿಂದಕ್ಕೆ ಒತ್ತಿದರೆ ನಿಲ್ಲುತ್ತೆ. ಕ್ಯಾರಿಯರ್ ಮೇಲೆ ಒಬ್ಬರು ಅಡ್ಡ ಕೂತಿರೋದೂ ಮಾಮೂಲು. ಯೂಟ್ರೆಕ್ಟ್ ರೈಲು ನಿಲ್ದಾಣದ ನೆಲಮಾಳಿಗೆಯಲ್ಲಿ 12,500 ಸೈಕಲ್ ನಿಲ್ಲಿಸಬಹುದು. ನಿಮ್ಮದನ್ನು ಎಲ್ಲಿಟ್ಟಿರಿ ಅನ್ನೋದು ಮರೆತರೆ ಮುಗೀತು ಕಥೆ.