ಮೂರೂವರೆ ವರ್ಷದ ಮಗ ಆಟಿಕೆ ಹಂಚಿಕೊಳ್ಳುವುದಿಲ್ಲ. ಆಟವೇ ಹೆಚ್ಚಿರುವ ಅಂಗನವಾಡಿಯಿಂದ ಬಿಡಿಸಿ ಶಿಸ್ತಿನ ನರ್ಸರಿಗೆ ಹಾಕಬೇಕೇ?

'ಇವನಿಗೆ ಕೊಡುವ ಬುದ್ಧಿಯೇ ಇಲ್ಲ' ಎಂದು ಟೀಚರ್ ಹೇಳಿದರೆಂದು ಬರೆದಿದ್ದೀರಿ. ಹೊಸನಗರ ತಾಲ್ಲೂಕಿನ ಒಂದು ಅಂಗನವಾಡಿಗೆ ಕಾರ್ಯಕರ್ತೆಯಾಗಿ ಸೇರಿದ ಮೊದಲ ಮಳೆಗಾಲದಲ್ಲಿ ಇದೇ ಮಾತನ್ನು ನಾನೂ ತಾಯಂದಿರಿಗೆ ಹೇಳುತ್ತಿದ್ದೆ.

ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಆಗಸ್ಟ್ ಕಳೆಯುವವರೆಗೂ ಮಕ್ಕಳನ್ನು ಹೊರಗೆ ಬಿಡುವುದು ಕಷ್ಟ. ಇದ್ದದ್ದು ಒಂದೇ ಕೋಣೆ, ಒಂದು ಪೆಟ್ಟಿಗೆಯಷ್ಟು ಆಟದ ಸಾಮಾನು. ಅದರಲ್ಲಿ ಎಲ್ಲರಿಗೂ ಬೇಕಾದದ್ದು ಚನ್ನಪಟ್ಟಣದ ಮರದ ಬಳೆಗಳು. ದೊಡ್ಡದರಿಂದ ಚಿಕ್ಕದಕ್ಕೆ ಒಂದರ ಮೇಲೊಂದು ಕಡ್ಡಿಗೆ ಪೋಣಿಸುವಂಥವು. ಜಗಳ ಎದ್ದಾಗ ನಾನು ಅನುಸರಿಸುತ್ತಿದ್ದ ಕ್ರಮ ಒಂದೇ: ಯಾರು ಅಳುತ್ತಾರೋ ಅವರಿಗೆ ಕೊಡಿಸುವುದು. 'ಪಾಪ, ಅವನು ಅಳ್ತಿದಾನೆ, ನೀನು ಜಾಣೆ ಅಲ್ವಾ, ಕೊಟ್ಬಿಡು' ಎಂದರೆ ಮಾತು ಕೇಳುವ ಒಬ್ಬ ಹುಡುಗಿ ಯಾವಾಗಲೂ ಕೊಟ್ಟುಬಿಡುತ್ತಿದ್ದಳು.

ಆ ಹುಡುಗಿ ಬಳೆಗಳೊಂದಿಗೆ ಏನು ಮಾಡುತ್ತಿದ್ದಳೆಂದು ನಾನು ನೋಡಿಯೇ ಇರಲಿಲ್ಲ. ಚಿಕ್ಕ ಬಳೆಯನ್ನು ಮೊದಲು ಹಾಕಿ, ಅದರ ಮೇಲೆ ದೊಡ್ಡದು ಅಂಚಿನಿಂದ ಹೊರಚಾಚಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿ, ಎರಡನ್ನೂ ತೆಗೆದು, ನೆಲದ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದಳು. ಹಿರಿದು ಕಿರಿದು, ಮೊದಲು ಆಮೇಲೆ ಎಂಬ ಗಣಿತದ ಬುನಾದಿ ಅಲ್ಲಿ ಕಟ್ಟಲ್ಪಡುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ನಾನು ಬಳೆಯನ್ನು ಅವಳ ಕೈಯಿಂದ ಬಿಡಿಸುತ್ತಿದ್ದೆ. ಹಂಚಿಕೊಳ್ಳುವುದನ್ನು ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಕಲಿತದ್ದು ಹಿಡಿದ ಕೆಲಸವನ್ನು ಯಾರು ಬೇಕಾದರೂ ಅರ್ಧಕ್ಕೆ ಕಿತ್ತುಕೊಳ್ಳಬಹುದು ಎಂಬುದನ್ನು. ಅತ್ತವನು ಕಲಿತದ್ದು ಅತ್ತರೆ ಸಿಗುತ್ತದೆ ಎಂಬುದನ್ನು. ಕೆಲವೇ ವಾರಗಳಲ್ಲಿ ಅಳು ಹೆಚ್ಚಾಯಿತು, ಆ ಹುಡುಗಿ ಪೆಟ್ಟಿಗೆಯ ಹತ್ತಿರ ಬರುವುದನ್ನೇ ಬಿಟ್ಟಳು. 'ಮನೇಲೂ ಏನು ಕೊಟ್ರೂ ಮುಟ್ಟಲ್ಲ ಅಕ್ಕೋರೇ' ಎಂದು ಅವಳ ತಾಯಿ ಹೇಳಿದಾಗಲೂ ನನಗೆ ಹೊಳೆಯಲಿಲ್ಲ. ದಸರಾ ರಜೆ ಕಳೆದ ಮೇಲೆ ಅವಳನ್ನು ಕಳಿಸಲಿಲ್ಲ. ಆ ಮನೆಯವರ ವಿಶ್ವಾಸವನ್ನು ನಾನು ಮತ್ತೆ ಗಳಿಸಲಾಗಲಿಲ್ಲ.

ಆಮೇಲೆ ಓದಿ ತಿಳಿದದ್ದು ಇದು. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬವರು ಶಾಲಾಪೂರ್ವ ಮಕ್ಕಳ ಆಟವನ್ನು ಕೂತು ಗಮನಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿಕ್ಕ ಮಕ್ಕಳು ಹೆಚ್ಚಾಗಿ ಒಬ್ಬರ ಪಕ್ಕ ಒಬ್ಬರು ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ಕೂಡಿ ಆಡುವುದು ವಯಸ್ಸಿನೊಂದಿಗೆ ಬೆಳೆಯುತ್ತದೆ. ಆದ್ದರಿಂದ ನಿಮ್ಮ ಮಗನಿಗೆ ಬುದ್ಧಿ ಇಲ್ಲವೆಂಬುದನ್ನು ನಾನು ಒಪ್ಪುವುದಿಲ್ಲ. ಮಾಂಟೆಸೊರಿ ಪದ್ಧತಿಯಲ್ಲಂತೂ ಪ್ರತಿ ಸಾಧನವನ್ನೂ ಬೇಕೆಂದೇ ಒಂದೊಂದೇ ಇಡುತ್ತಾರೆ. ಒಂದು ಮಗು ಮುಗಿಸಿ ಕಪಾಟಿನಲ್ಲಿ ಇಟ್ಟ ಮೇಲೆ ಇನ್ನೊಂದು ಮಗು ಎತ್ತಿಕೊಳ್ಳಬೇಕು. ಅಲ್ಲಿ ಕಲಿಯುವುದು ಕಾಯುವುದನ್ನು, ಕಾದರೆ ಖಂಡಿತ ಸಿಗುತ್ತದೆ ಎಂಬ ನಂಬಿಕೆಯನ್ನು. ಮರುವರ್ಷದಿಂದ ನಾನೂ 'ಅವಳದ್ದು ಮುಗೀಲಿ, ಆಮೇಲೆ ನಿನ್ನ ಪಾಳಿ' ಎನ್ನಲು ಆರಂಭಿಸಿದೆ, ಮತ್ತು ಆ ಪಾಳಿಯನ್ನು ಒಮ್ಮೆಯೂ ಮರೆಯದಂತೆ ನಡೆಸಿಕೊಟ್ಟೆ. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ.

ಕೂಡಿ ಆಡುವುದನ್ನು ಕಲಿಸಿದ್ದು ಅಡಿಕೆ ಹಾಳೆ, ಅಂದರೆ ಅಡಿಕೆ ಮರದ ಸೋಗೆಯ (ಗರಿಯ) ಬುಡದಲ್ಲಿರುವ ಅಗಲವಾದ ಭಾಗ. ಸಹಾಯಕಿ ತೋಟದಿಂದ ಸೋಗೆ ಸಮೇತ ಒಂದು ಹಾಳೆ ತಂದು ಜಗುಲಿಯಲ್ಲಿ ಹಾಕಿದರು. ಹಾಳೆಯ ಮೇಲೆ ಒಬ್ಬ ಕೂತರೆ ಸೋಗೆಯ ತುದಿ ಹಿಡಿದು ಎಳೆಯಲು ಇನ್ನೊಬ್ಬ ಬೇಕೇ ಬೇಕು. ಕೂತವನು ಇಳಿದು ಎಳೆಯದಿದ್ದರೆ ಎಳೆದವನು ಸೋಗೆ ಬಿಟ್ಟು ಹೋಗುತ್ತಾನೆ, ಆಟವೇ ನಿಲ್ಲುತ್ತದೆ. ಯಾವ ಉಪದೇಶವೂ ಇಲ್ಲದೆ ಅವರೇ ಕಂಬದಿಂದ ಕಂಬಕ್ಕೆ ಒಂದು ಪಾಳಿ ಎಂದು ಗೊತ್ತುಮಾಡಿಕೊಂಡರು.

ಶಿಸ್ತಿನ ನರ್ಸರಿಯ ವಿಚಾರದಲ್ಲಿ ನನ್ನ ಉತ್ತರ ಖಂಡಿತವಾಗಿ ಬೇಡ ಎಂದೇ. ಆಟ ಬಿಡಿಸಿ ಸ್ಲೇಟು ಹಿಡಿಸಿದರೆ ಹಂಚಿಕೊಳ್ಳುವ ಸಂದರ್ಭವೇ ಇಲ್ಲವಾಗುತ್ತದೆ, ಕೊರತೆ ಮುಚ್ಚಿಹೋಗುತ್ತದೆ ಅಷ್ಟೆ. ಅಕ್ಷರ ತಡವಾಗುತ್ತದೆಂದು ಮನೆಯ ಹಿರಿಯರು ಆತಂಕಪಟ್ಟರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆ ಎಂದು ತಿಳಿಸಿ. ಟೀಚರ್ ಹತ್ತಿರ ಮಗನ ಗುಣದ ಬಗ್ಗೆ ವಾದಿಸಬೇಡಿ. ಅವನ ಕೈಯಲ್ಲಿರುವುದನ್ನು ಅರ್ಧಕ್ಕೆ ಬಿಡಿಸದಂತೆ ಮಾತ್ರ ವಿನಂತಿಸಿ. ಹಬ್ಬಕ್ಕೆ ನೆಂಟರ ಮಕ್ಕಳು ಬರುವ ಮುನ್ನ, ಅವನು ಯಾರಿಗೂ ಕೊಡಲೊಲ್ಲದ ಆಟಿಕೆ ಯಾವುದೆಂದು ಅವನನ್ನೇ ಕೇಳಿ ಅದನ್ನು ಎತ್ತಿಡಿ. ಉಳಿದವನ್ನು ಎಲ್ಲರ ನಡುವೆ ಹರವಿ, ನೀವು ಸ್ವಲ್ಪ ದೂರ ಕೂತುಕೊಳ್ಳಿ.