ಕಂಪ್ಯೂಟರ್ ಪ್ರಶ್ನೋತ್ತರ: ಆಫೀಸಿನ ಇಂಟ್ರಾನೆಟ್ ಪುಟದಲ್ಲಿ ಎಕ್ಸೆಲ್ ಲೆಕ್ಕ

ಪ್ರಶ್ನೆ: ನಮ್ಮ ರೈಸ್ ಮಿಲ್ಲಿನ ಭತ್ತದ ಆವಕ, ಸ್ಟಾಕು, ರೇಟು ಎಲ್ಲವೂ ಒಂದೇ ಎಕ್ಸೆಲ್ ಫೈಲಿನಲ್ಲಿವೆ. ವೇಬ್ರಿಡ್ಜಿನವರು ತೆರೆದಿದ್ದರೆ ಆಫೀಸಿನವರಿಗೆ ‘ರೀಡ್ ಓನ್ಲಿ’ ಎಂದು ಬರುತ್ತದೆ. ಹಾಗಾಗಿ ಎಲ್ಲರೂ ಒಂದೊಂದು ಕಾಪಿ ಮಾಡಿಕೊಂಡಿದ್ದಾರೆ, ಯಾವುದು ಸರಿ ಎಂದು ಯಾರಿಗೂ ಗೊತ್ತಿಲ್ಲ. ಈಗ ಮೈಕ್ರೋಸಾಫ್ಟ್ 365 ತೆಗೆದುಕೊಂಡಿದ್ದೇವೆ. ಅದರ ಶೇರ್‌ಪಾಯಿಂಟ್‌ನಲ್ಲಿ ಮಾಡಿದ ಇಂಟ್ರಾನೆಟ್ (ಸಿಬ್ಬಂದಿಗಷ್ಟೇ ಕಾಣುವ) ಪುಟದಲ್ಲಿ ಸ್ಟಾಕ್ ಮಾತ್ರ ಕಾಣುವಂತೆ ಮಾಡುವುದು ಹೇಗೆ? (ಗಂಗಾವತಿಯ ಓದುಗರು)

ಉತ್ತರ: ಸರ್ವರ್ ಫೋಲ್ಡರಿನಲ್ಲಿರುವ ಫೈಲನ್ನು ಯಾರಾದರೂ ತೆರೆದ ಕೂಡಲೇ ಎಕ್ಸೆಲ್ ಅಲ್ಲೇ ~$ ಎಂದು ಶುರುವಾಗುವ ಒಂದು ಸಣ್ಣ ಮರೆಫೈಲನ್ನು ಇಡುತ್ತದೆ. ಅದು ಇರುವವರೆಗೆ ಉಳಿದವರು ಓದಬಹುದು, ಬರೆಯುವಂತಿಲ್ಲ. ಕರೆಂಟ್ ಹೋಗಿ ಕಂಪ್ಯೂಟರ್ ಏಕಾಏಕಿ ಆಫ್ ಆದಾಗ ಈ ಮರೆಫೈಲು ಅಲ್ಲೇ ಉಳಿದುಬಿಡುವುದುಂಟು. ಆಗ ಯಾರೂ ತೆರೆದಿರದಿದ್ದರೂ ‘ಬೇರೊಬ್ಬರು ಬಳಸುತ್ತಿದ್ದಾರೆ’ ಎಂದೇ ತೋರಿಸುತ್ತದೆ.

ಮೊದಲು ಕಾಪಿಗಳನ್ನೆಲ್ಲ ತಾಳೆ ನೋಡಿ ಒಂದನ್ನು ಉಳಿಸಿಕೊಳ್ಳಿ. ಅದು ಹಳೆಯ ಎಕ್ಸ್‌ಎಲ್‌ಎಸ್ ಆಗಿದ್ದರೆ ‘ಸೇವ್ ಆ್ಯಸ್’ ಮಾಡಿ ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಬದಲಾಯಿಸಿ. ಹಳೆಯ ರೂಪದಲ್ಲಿ ಹಲವರು ಒಟ್ಟಿಗೆ ಬರೆಯಲು ಆಗುವುದಿಲ್ಲ, ಸಾಲುಗಳೂ 65,536ಕ್ಕೇ ಮುಗಿಯುತ್ತವೆ. ಈ ಫೈಲನ್ನು ಶೇರ್‌ಪಾಯಿಂಟಿನ ‘ಡಾಕ್ಯುಮೆಂಟ್ಸ್’ಗೆ ಹಾಕಿ. ಸರ್ವರಿನಲ್ಲಿರುವ ಹಳೆಯದರ ಹೆಸರು ಬದಲಿಸಿ ಬೇರೆ ಕಡೆ ತೆಗೆದಿಡಿ. ಇಲ್ಲದಿದ್ದರೆ ಅಭ್ಯಾಸಬಲದಿಂದ ಯಾರೋ ಒಬ್ಬರು ಅದರಲ್ಲೇ ಬರೆಯುತ್ತಿರುತ್ತಾರೆ.

ಈಗ ‘ಇಂದಿನ ಸ್ಟಾಕ್’ ಎಂಬ ಪ್ರತ್ಯೇಕ ಶೀಟ್ ಮಾಡಿ. ತಳಿ, ಚೀಲ, ಕ್ವಿಂಟಲ್ ಈ ಮೂರು ಕಾಲಂ ಸಾಕು. ಚೀಲಕ್ಕೆ 75 ಕಿಲೋ ಆದರೆ, ಚೀಲಗಳ ಸಂಖ್ಯೆಯನ್ನು 75ರಿಂದ ಗುಣಿಸಿ 100ರಿಂದ ಭಾಗಿಸಿದರೆ ಕ್ವಿಂಟಲ್. ಸೋನಾ ಮಸೂರಿ 240 ಚೀಲ ಇದ್ದರೆ 180 ಕ್ವಿಂಟಲ್. ಇಷ್ಟನ್ನೂ ಆಯ್ದುಕೊಂಡು ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿ, ‘ಟೇಬಲ್ ಡಿಸೈನ್’ನಲ್ಲಿ ಅದಕ್ಕೊಂದು ಹೆಸರು ಕೊಡಿ. ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಎ1ರಿಂದ ಸಿ12ರವರೆಗಿನ ರೇಂಜನ್ನು ಪುಟಕ್ಕೆ ಹಾಕುವವರೇ ಹೆಚ್ಚು. ಹನ್ನೆರಡು ಸಾಲಿನವರೆಗೆ ತೊಂದರೆ ಕಾಣುವುದಿಲ್ಲ. ಹದಿಮೂರನೇ ಸಾಲಿಗೆ ಹೊಸ ತಳಿ ಬಂದ ದಿನ ಅದು ಪುಟದಲ್ಲಿ ಇರುವುದಿಲ್ಲ, ಇಲ್ಲವೆಂದು ಯಾರ ಗಮನಕ್ಕೂ ಬರುವುದಿಲ್ಲ. ಟೇಬಲ್ ಆದರೆ ಸಾಲು ಸೇರಿದಂತೆ ತಾನೂ ಬೆಳೆಯುತ್ತದೆ. ಟೇಬಲ್ ಒಳಗೆ ಮರ್ಜ್ ಮಾಡಿದ ಸೆಲ್ ನಿಲ್ಲುವುದಿಲ್ಲ, ಆದ್ದರಿಂದ ಮಿಲ್ಲಿನ ಹೆಸರಿನ ದೊಡ್ಡ ತಲೆಬರಹ ಟೇಬಲ್ಲಿನ ಹೊರಗಿರಲಿ.

ಆಮೇಲೆ ಪುಟ ತೆರೆದು ‘ಎಡಿಟ್’, ಪ್ಲಸ್ ಗುರುತು, ‘ಫೈಲ್ ಆ್ಯಂಡ್ ಮೀಡಿಯಾ’ (ಹಿಂದಿನ ಹೆಸರು ‘ಫೈಲ್ ವ್ಯೂವರ್’) ಒತ್ತಿ ಫೈಲನ್ನು ಆರಿಸಿ. ಬಲಗಡೆಯ ಆಯ್ಕೆಗಳಲ್ಲಿ ಇಡೀ ವರ್ಕ್‌ಬುಕ್ ಬದಲು ನಿಮ್ಮ ಟೇಬಲ್ ಹೆಸರನ್ನು ಆರಿಸಿ ಪುಟವನ್ನು ಪಬ್ಲಿಷ್ ಮಾಡಿ. ಇದು ನೋಡುವುದಕ್ಕೆ ಮಾತ್ರ, ಬರೆಯುವವರು ಫೈಲನ್ನೇ ತೆರೆಯಬೇಕು. ಹೊಸ ಅಂಕಿ ಕಾಣದಿದ್ದರೆ ಪುಟವನ್ನು ರಿಫ್ರೆಶ್ ಮಾಡಿ. ವೇಬ್ರಿಡ್ಜಿನ ತೂಕ ಎಳೆದುಕೊಳ್ಳಲು ಮ್ಯಾಕ್ರೋ (ಎಕ್ಸೆಲ್ ಒಳಗೆ ತಾನಾಗಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಬಳಸುತ್ತಿದ್ದರೆ ಅದು ಬ್ರೌಸರಿನಲ್ಲಿ ಓಡುವುದಿಲ್ಲ. ಆ ಕೆಲಸವನ್ನು ಕಂಪ್ಯೂಟರಿನ ಎಕ್ಸೆಲ್‌ನಲ್ಲೇ ಮಾಡಬೇಕು.

ಇನ್ನೊಂದು ಮಾತನ್ನು ಮರೆಯಬೇಡಿ. ಪುಟದಲ್ಲಿ ಒಂದೇ ಟೇಬಲ್ ಕಂಡರೂ ಆ ಫೈಲಿಗೆ ಅನುಮತಿ ಇದ್ದವರು ಇಡೀ ಫೈಲನ್ನು ತೆರೆಯಬಲ್ಲರು. ಖರೀದಿ ರೇಟಿನ ಶೀಟನ್ನು ಇವತ್ತೇ ಬೇರೆ ಫೈಲಿಗೆ ಸಾಗಿಸಿ.

ಪ್ರಶ್ನೆ: ನಮ್ಮದು ಜೀನ್ಸ್ ಘಟಕ. ಕಟಿಂಗ್, ಹೊಲಿಗೆ, ವಾಷಿಂಗ್ ಲೆಕ್ಕದ ಗೂಗಲ್ ಶೀಟನ್ನು ಗೂಗಲ್ ಸೈಟ್ಸ್ ಪುಟದಲ್ಲಿ ಹಾಕಿದ್ದೇವೆ. ಕೆಲವರಿಗೆ ಪುಟ ತೆರೆಯುತ್ತದೆ, ಶೀಟಿನ ಜಾಗದಲ್ಲಿ ‘ಅನುಮತಿ ಬೇಕು’ ಎಂದು ಬರುತ್ತದೆ. ‘ಪಬ್ಲಿಷ್ ಟು ವೆಬ್’ ಮಾಡಿದರೆ ಸರಿಹೋಗುತ್ತದೆಯೇ? ಕೂಲಿಯ ಕಾಲಂಗಳನ್ನು ಹೈಡ್ ಮಾಡಿದ್ದೇವೆ. (ಬಳ್ಳಾರಿಯ ಓದುಗರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಪಬ್ಲಿಷ್ ಆದ ಶೀಟಿನ ಲಿಂಕ್ ಒಂದು ವಾಟ್ಸಾಪ್ ಗುಂಪಿಗೆ ಹೋದರೆ ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ನೋಡುತ್ತಾರೆ. ಈಗಾಗಲೇ ಮಾಡಿದ್ದರೆ ‘ಫೈಲ್’, ‘ಶೇರ್’, ‘ಪಬ್ಲಿಷ್ ಟು ವೆಬ್’ಗೆ ಹೋಗಿ ‘ಸ್ಟಾಪ್ ಪಬ್ಲಿಷಿಂಗ್’ ಒತ್ತಿ.

ಪುಟದ ಅನುಮತಿ ಬೇರೆ, ಶೀಟಿನ ಅನುಮತಿ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟಿದ್ದೀರಿ. ಸಿಬ್ಬಂದಿಯದೊಂದು ಗೂಗಲ್ ಗ್ರೂಪ್ ಮಾಡಿ ಆ ಗ್ರೂಪನ್ನೇ ಪುಟಕ್ಕೂ ಶೀಟಿಗೂ ‘ವ್ಯೂವರ್’ ಆಗಿ ಸೇರಿಸಿ. ಹೊಸಬರು ಬಂದಾಗ, ಹಳಬರು ಬಿಟ್ಟಾಗ ಗ್ರೂಪ್ ಒಂದನ್ನು ತಿದ್ದಿದರೆ ಮುಗಿಯಿತು. ಆಮೇಲೂ ಯಾರಿಗಾದರೂ ಬಾರದಿದ್ದರೆ ಅವರ ಮೊಬೈಲಿನಲ್ಲಿ ಯಾವ ಖಾತೆ ತೆರೆದಿದೆ ನೋಡಿ; ಸ್ವಂತ ಜಿಮೇಲ್ ಇರುತ್ತದೆ, ಗ್ರೂಪಿನಲ್ಲಿ ಇರುವುದು ಆಫೀಸಿನ ಖಾತೆ.

ಹೈಡ್ ಮಾಡಿದ ಕಾಲಂ ಗುಟ್ಟಾಗಿ ಉಳಿಯುವುದಿಲ್ಲ. ‘ಮೇಕ್ ಎ ಕಾಪಿ’ ಮಾಡಿಕೊಂಡವರು ಅದನ್ನು ಬಿಚ್ಚಿ ನೋಡಬಹುದು. ಕೂಲಿಯ ಲೆಕ್ಕ ಮೂಲ ಶೀಟಿನಲ್ಲೇ ಇರಲಿ. ತೋರಿಸಲೆಂದೇ ಎರಡನೆಯ ಶೀಟ್ ಫೈಲ್ ಮಾಡಿ, ‘ಇಂಪೋರ್ಟ್‌ರೇಂಜ್’ ಸೂತ್ರದಿಂದ ಬೇಕಾದ ಕಾಲಂಗಳನ್ನಷ್ಟೇ ಎಳೆದುಕೊಳ್ಳಿ. ಮೊದಲ ಸಲ ‘ಅಲೌ ಆ್ಯಕ್ಸೆಸ್’ ಒತ್ತಬೇಕು. ಒಮ್ಮೆ ಒತ್ತಿದ ಮೇಲೆ ಈ ಎರಡನೆಯ ಫೈಲನ್ನು ಎಡಿಟ್ ಮಾಡಬಲ್ಲವರು ಸೂತ್ರ ಬದಲಿಸಿ ಕೂಲಿಯ ಕಾಲಮನ್ನೂ ಎಳೆಯಬಲ್ಲರು. ಹಾಗಾಗಿ ಎಡಿಟ್ ಹಕ್ಕು ಒಬ್ಬಿಬ್ಬರಿಗೆ ಮಾತ್ರ ಇರಲಿ.

ಪ್ರಶ್ನೆ: ಗಂಜಿನ ನಮ್ಮ ಅಂಗಡಿಯ ರೈತರ ಪಟ್ಟಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಕಂಪ್ಯೂಟರಿನಲ್ಲಿ ಸರಿಯಾಗಿದೆ, ಪುಟದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. (ರಾಯಚೂರಿನ ಓದುಗರು)

ಉತ್ತರ: ಹಳೆಯ ನುಡಿ ಫಾಂಟಿನಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಫಾಂಟು ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ಬ್ರೌಸರಿಗೆ ಆ ಫಾಂಟು ಸಿಗದಿದ್ದಾಗ ಒಳಗಿರುವುದು ಹಾಗೇ ಕಾಣುತ್ತದೆ. ನುಡಿಯ ಪರಿವರ್ತಕದಿಂದ ಹೆಸರು, ಊರಿನ ಕಾಲಂಗಳನ್ನು ಯೂನಿಕೋಡಿಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆ) ಬದಲಾಯಿಸಿ. ಅಂಕಿಗಳ ಕಾಲಂ, ಇಂಗ್ಲಿಷಿನಲ್ಲೇ ಬರೆದ ಕಾಲಂ ಮುಟ್ಟಬೇಡಿ, ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಕೊನೆಗೆ ಫಾಂಟನ್ನು ನಿರ್ಮಲಾ ಯುಐ ಅಥವಾ ತುಂಗಾ ಎಂದು ಬದಲಿಸಿ. ಪಟ್ಟಿಯನ್ನು ಸಿಎಸ್‌ವಿ (ಬರೀ ಪಠ್ಯದ ಫೈಲು) ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನೇ ಆರಿಸಿ, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ.

ಪ್ರಶ್ನೆ: ನಮ್ಮ ಕಾರ್ಖಾನೆಯ ಪುಟದ ಗೂಗಲ್ ಶೀಟಿನಲ್ಲಿ ಬೆಳಿಗ್ಗೆ ಪಾಳಿಯವರಿಗೆ ನಿನ್ನೆಯ ದಿನಾಂಕ ಕಾಣುತ್ತದೆ. ಏಪ್ರಿಲ್ 3ರ ಲೋಡು ಮಾರ್ಚಿಗೆ ಸೇರಿದೆ. (ಕೊಪ್ಪಳದ ಓದುಗರು)

ಉತ್ತರ: ಶೀಟ್ ಅಮೆರಿಕದ ಲೆಕ್ಕದಲ್ಲಿದೆ. ಅಲ್ಲಿನ ಪಶ್ಚಿಮ ಕರಾವಳಿಯ ಸಮಯ ಇದ್ದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆ ಅಥವಾ ಒಂದೂವರೆಯವರೆಗೆ ಅಲ್ಲಿ ಇನ್ನೂ ಹಿಂದಿನ ದಿನ. ‘ಫೈಲ್’, ‘ಸೆಟ್ಟಿಂಗ್ಸ್’ಗೆ ಹೋಗಿ ಲೊಕೇಲ್ ಇಂಡಿಯಾ ಎಂದೂ ಟೈಮ್ ಝೋನ್ 5:30 ಎಂದೂ ಬದಲಿಸಿ.

ಈಗಾಗಲೇ ತಪ್ಪಾಗಿ ಕೂತ ದಿನಾಂಕಗಳು ಇದರಿಂದ ಸರಿಯಾಗುವುದಿಲ್ಲ. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವುದರಿಂದ 03/04 ಎಂದು ಬರೆದದ್ದು ಮಾರ್ಚ್ 4 ಆಗಿ ಸೆಲ್ಲಿನ ಬಲಕ್ಕೆ ನಿಂತಿರುತ್ತದೆ. 13/04ಕ್ಕೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ಬರೀ ಪಠ್ಯವಾಗಿ ಎಡಕ್ಕೆ ನಿಂತಿರುತ್ತದೆ. ಎಡಕ್ಕಿರುವುದನ್ನು ಮತ್ತೆ ಟೈಪ್ ಮಾಡಿ. ಬಲಕ್ಕಿರುವುದರಲ್ಲಿ ದಿನ, ತಿಂಗಳು ಅದಲುಬದಲು ಮಾಡಿ, ಪ್ರತಿಯೊಂದನ್ನೂ ಲೋಡಿನ ಚೀಟಿಯೊಂದಿಗೆ ತಾಳೆ ನೋಡಿ.